ಉದ್ಯಾನದ ಬಾಗಿಲು: ಉಪಭೋಗಾಂತರಾಯದ ಒಂದು ವಿಚಾರ

ವೈಶಾಖ ಮಾಸ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮೊದಲಾದ ಬಯಲುಸೀಮೆಯ ಊರುಗಳಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುವುದು ವಾಡಿಕೆಯ ಮಾತು. ಹಗಲೆಲ್ಲ ಕಾದ ಮಾಳಿಗೆಯ ಕೆಳಗೆ ಬೇಯುವ ಜೀವಗಳು ಹೊತ್ತು ಇಳಿಯುತ್ತಲೇ ಮರದ ನೆರಳನ್ನೂ ಕೆರೆಯ ಮೇಲಿನ ಗಾಳಿಯನ್ನೂ ಅರಸಿ ಹೊರಡುತ್ತವೆ. ಮನೆಯ ಮಾತು ಕನ್ನಡವಿರಲಿ, ಮರಾಠಿಯಿರಲಿ, ಗುಜರಾತಿ, ತೆಲುಗು, ಮಾರವಾಡಿಯಿರಲಿ, ಆ ಹೊತ್ತಿಗೆ ಎಲ್ಲರ ಹೆಜ್ಜೆಯೂ ಸಾರ್ವಜನಿಕ ಉದ್ಯಾನದ ಕಡೆಗೆ ತಿರುಗುತ್ತದೆ. ಉಳ್ಳವರಿಗೆ ಸ್ವಂತದ ಕೈತೋಟವುಂಟು, ತಂಪು ಮಾಡುವ ಯಂತ್ರವುಂಟು. ಎರಡು ಖೋಲಿಯ ಮನೆಯಲ್ಲಿ ಆರು ಜನ ಮಲಗುವ ಸಂಸಾರಕ್ಕೆ ಊರಿನ ಉದ್ಯಾನವೇ ಅಂಗಳ, ಅದೇ ಹಿತ್ತಿಲು.

ಇಂತಹ ಸಂಜೆಗಳಲ್ಲಿ ಯಾವ ಊರಿನಲ್ಲಿಯಾದರೂ ಕಾಣಸಿಗುವ ದೃಶ್ಯವೊಂದಿದೆ. ಉದ್ಯಾನದ ಮುಂದೆ ರಿಕ್ಷಾ ನಿಲ್ಲುತ್ತದೆ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಇಳಿಯುತ್ತಾರೆ; ಕೊನೆಗೆ, ನಾಲ್ಕು ಕಾಲಿನ ಊರುಗೋಲನ್ನು ಮೊದಲು ನೆಲಕ್ಕೆ ಊರಿ, ಅಜ್ಜ ಇಳಿಯುತ್ತಾರೆ. ಉದ್ಯಾನದ ದೊಡ್ಡ ಕಬ್ಬಿಣದ ಬಾಗಿಲಿಗೆ ಬೀಗ. ಅದರ ಪಕ್ಕದಲ್ಲಿ ಮೂರು ಮೆಟ್ಟಿಲು, ಮೆಟ್ಟಿಲ ಮೇಲೆ ಒಬ್ಬೊಬ್ಬರಾಗಿ ನುಸುಳಬೇಕಾದ ತಿರುಗುಗೇಟು. ಅಜ್ಜ ಮೆಟ್ಟಿಲನ್ನು ನೋಡುತ್ತಾರೆ, ಗೇಟನ್ನು ನೋಡುತ್ತಾರೆ. “ನೀವ ಹೋಗಿ ಬರ್ರಿ, ನಾ ಇಲ್ಲೇ ಕುಂತಿರತೇನಿ” ಎನ್ನುತ್ತಾರೆ. ಮಗ ಒಂದೆರಡು ಮಾತು ಒತ್ತಾಯಿಸುತ್ತಾನೆ, ಎತ್ತಿಕೊಂಡು ಹೋಗುವುದಾಗಿಯೂ ಹೇಳುತ್ತಾನೆ. ನಾಲ್ಕು ಜನರೆದುರು ಮಗನ ತೋಳಿನಲ್ಲಿ ಎತ್ತಿಸಿಕೊಳ್ಳಲು ಅವರಿಗೆ ಮನಸ್ಸಿಲ್ಲ. ಐವತ್ತು ವರ್ಷ ಗಿರಣಿಯಲ್ಲೋ ಪೇಟೆಯಲ್ಲೋ ದುಡಿದು ಆ ಮಗನನ್ನು ಬೆಳೆಸಿದ ದೇಹವದು. ಹೂವಿನ ಅಂಗಡಿಯವನ ಸ್ಟೂಲಿನ ಮೇಲೆ ಕುಳಿತು, ಕಂಬಿಗಳ ಸಂದಿನಿಂದ ಒಳಗಿನ ಹಸಿರನ್ನು ನೋಡುತ್ತಾರೆ. ಒಂದು ಗಂಟೆಯ ಮೇಲೆ ಮಕ್ಕಳು ಕೈಯಲ್ಲಿ ಐಸ್‌ಕಾಂಡಿ ಹಿಡಿದು ಓಡಿ ಬಂದಾಗ, “ಛಲೋ ಇತ್ತೇನವಾ ಒಳಗ?” ಎಂದು ಮೊಮ್ಮಗಳನ್ನು ಕೇಳುತ್ತಾರೆ. ಆಕೆ ಕಾರಂಜಿಯ ಸಂಗತಿ ಹೇಳುತ್ತಾಳೆ. ಅವರು ಕೇಳಿಸಿಕೊಳ್ಳುತ್ತಾರೆ.

ಇಲ್ಲಿ ತಪ್ಪು ಮಾಡಿದವರು ಯಾರು ಎಂದು ವಿಚಾರಿಸಿದರೆ ಒಬ್ಬರೂ ಸಿಗುವುದಿಲ್ಲ. ಮಗ ಭಕ್ತಿಯುಳ್ಳವನು, ಸೊಸೆ ಒಳ್ಳೆಯವಳು. ಕಾವಲುಗಾರ ದಡ್ಡನೂ ಅಲ್ಲ, ಕ್ರೂರಿಯೂ ಅಲ್ಲ. ದನ ನುಗ್ಗಬಾರದು, ಹುಡುಗರು ಮೋಟಾರು ಸೈಕಲ್ ಒಳಗೆ ತರಬಾರದು ಎಂದು ಮೇಲಿನವರು ಹೇಳಿದ್ದಾರೆ, ಅವನು ಬೀಗ ಹಾಕಿದ್ದಾನೆ. ನಕ್ಷೆ ಬರೆದ ಎಂಜಿನಿಯರನು ಮಳೆಯ ನೀರು ಒಳಗೆ ಬಾರದಿರಲೆಂದು ನೆಲವನ್ನು ಎತ್ತರಿಸಿದ್ದಾನೆ, ಎತ್ತರಿಸಿದ್ದಕ್ಕೆ ಮೆಟ್ಟಿಲು ಇಟ್ಟಿದ್ದಾನೆ. ಒಳಗಿನ ಕಲ್ಲುಬೆಂಚುಗಳನ್ನು ದಾನವಿತ್ತವರು ತಮ್ಮ ತಂದೆತಾಯಿಯರ ಸ್ಮರಣಾರ್ಥವೇ ಕೊಟ್ಟಿದ್ದಾರೆ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾರೆ, ಆದರೂ ಒಬ್ಬ ವೃದ್ಧರು ಹೊರಗುಳಿದಿದ್ದಾರೆ. ಯಾರ ಮನಸ್ಸಿನಲ್ಲಿಯೂ ದ್ವೇಷವಿಲ್ಲದೆ ನಡೆಯುವ ಇಂತಹ ಹೊರಗಿಡುವಿಕೆಗೆ ಧರ್ಮದ ಲೆಕ್ಕದಲ್ಲಿ ಹೆಸರುಂಟೇ, ಹೊಣೆಯುಂಟೇ ಎಂಬುದೇ ವಿಚಾರಣೀಯ ಪ್ರಶ್ನೆ.

ಈ ಪ್ರಶ್ನೆಗೆ ಸಮಾಜದಲ್ಲಿ ಸಿದ್ಧವಾದ ಉತ್ತರವೊಂದಿದೆ. “ಅವರವರ ಕರ್ಮ, ಯಾರೇನು ಮಾಡುವುದು” ಎಂಬ ಉತ್ತರ. ಹೇಳುವವರು ಕಠೋರ ಮನಸ್ಸಿನವರೇನಲ್ಲ. ಬಹುತೇಕ ನಿಟ್ಟುಸಿರಿನೊಂದಿಗೇ ಹೇಳುತ್ತಾರೆ. ಆದರೆ ಕರ್ಮಸಿದ್ಧಾಂತವನ್ನು ಅರ್ಧಕ್ಕೆ ಓದಿ ನಿಲ್ಲಿಸಿದವರ ಮಾತಿದು. ದೇಹದ ರಚನೆ ಹೇಗಿರಬೇಕೆಂಬುದು ನಾಮಕರ್ಮದ ಉದಯ ಎಂಬುದನ್ನು ಅವರು ಓದಿದ್ದಾರೆ. ಅದೇ ಅಷ್ಟಕರ್ಮಗಳ ಪಟ್ಟಿಯ ಎಂಟನೆಯ ಕರ್ಮದವರೆಗೆ ಅವರ ಓದು ಸಾಗಿಲ್ಲ. ಎಂಟನೆಯದು ಅಂತರಾಯ. ದಾನಾಂತರಾಯ, ಲಾಭಾಂತರಾಯ, ಭೋಗಾಂತರಾಯ, ಉಪಭೋಗಾಂತರಾಯ, ವೀರ್ಯಾಂತರಾಯ ಎಂದು ಅದಕ್ಕೆ ಐದು ಭೇದ. ಒಮ್ಮೆ ಅನುಭವಿಸಿದರೆ ಮುಗಿಯುವ ಅನ್ನ, ಹೂವು, ಗಂಧ ಇತ್ಯಾದಿ ಭೋಗ. ಮತ್ತೆ ಮತ್ತೆ ಅನುಭವಿಸಬಹುದಾದ ವಸ್ತ್ರ, ಹಾಸಿಗೆ, ಮನೆ ಇತ್ಯಾದಿ ಉಪಭೋಗ. ಇಂದು ಕುಳಿತ ಮರದ ನೆರಳು ನಾಳೆಯೂ ಇರುತ್ತದೆ, ಒಬ್ಬರು ಕುಳಿತರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಆದುದರಿಂದ ಉದ್ಯಾನವು ಉಪಭೋಗದ ವರ್ಗಕ್ಕೇ ಸೇರತಕ್ಕದ್ದು. ಇನ್ನು ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಈ ಅಂತರಾಯ ಕರ್ಮದ ಆಸ್ರವಕ್ಕೆ ಹೇಳುವ ಕಾರಣ ಒಂದೇ: ಪರರಿಗೆ ವಿಘ್ನವನ್ನುಂಟುಮಾಡುವುದು. ಗೇಟಿನ ಹೊರಗೆ ಕುಳಿತವರ ಹಿಂದಿನ ಕರ್ಮವೇನೆಂಬುದನ್ನು ಕೇವಲಿಗಳು ಬಲ್ಲರು. ಗೇಟನ್ನು ಹಾಗೆ ಕಟ್ಟಿಸಿದವರಿಗೆ ಈ ಹೊತ್ತು ಯಾವ ಕರ್ಮದ ಆಸ್ರವವಾಗುತ್ತಿದೆ ಎಂಬುದನ್ನು ತಿಳಿಯಲು ಪಾಠಶಾಲೆಯ ಬಾಲಬೋಧವೇ ಸಾಕು.

ಕಟ್ಟಿಸಿದವರಿಗೆ ಆ ಭಾವವಿರಲಿಲ್ಲವಲ್ಲ ಎಂದು ಆಕ್ಷೇಪವೆತ್ತಬಹುದು. ಭಾವಕ್ಕೆ ಮೊದಲ ಸ್ಥಾನವೆಂಬುದು ನಿಜ. ಹಾಗೆಂದು ಅಜಾಗರೂಕತೆಗೆ ಶಾಸ್ತ್ರ ಕ್ಷಮಾಪತ್ರ ಬರೆದುಕೊಟ್ಟಿಲ್ಲ. ಹಿಂಸೆಯ ಲಕ್ಷಣವನ್ನು ಹೇಳುವಾಗಲೇ ಪ್ರಮಾದವನ್ನು ಮುಂದಿಟ್ಟ ದರ್ಶನವಿದು. ಕಾಲ ಕೆಳಗೆ ಇರುವೆಯಿದೆಯೇ ಎಂದು ನೋಡಿ ಹೆಜ್ಜೆಯಿಡಬೇಕೆಂದು ಕಲಿಸಿದ ಮನೆತನಗಳಲ್ಲಿ, ನೋಡಲಿಲ್ಲ ಎಂಬುದು ಸಮಾಧಾನದ ಉತ್ತರವಾಗಲಾರದು.

ಸಾರ್ವಜನಿಕ ಸ್ಥಳದಿಂದ ಮನುಷ್ಯರನ್ನು ಹೊರಗಿಡುವ ಚರಿತ್ರೆ ಈ ನಾಡಿನಲ್ಲಿ ದೀರ್ಘವಾದದ್ದು. ಅಂದು ಹೊರಗಿಡುವುದು ಮುಚ್ಚುಮರೆಯಿಲ್ಲದೆ ನಡೆಯುತ್ತಿತ್ತು. 1923ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರ ಠರಾವು ಅಂಗೀಕೃತವಾಗಿ, ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದವು. ಮಹಾಡದ ನಗರಸಭೆಯೂ ತನ್ನ ಚವದಾರ ಕೆರೆಯನ್ನು ಕಾಗದದ ಮೇಲೆ ತೆರೆಯಿತು. ಕಾಗದದ ಮೇಲೆ ತೆರೆದ ಕೆರೆಯ ನೀರನ್ನು ಕುಡಿಯಲು ಮಾತ್ರ ಯಾರಿಗೂ ಆಗಲಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರನ್ನು ಮುಟ್ಟಿದ ಮೇಲೂ ವ್ಯಾಜ್ಯ ಹತ್ತು ವರ್ಷ ನಡೆದು, ಮುಂಬಯಿ ಹೈಕೋರ್ಟಿನ ತೀರ್ಪು ಬಂದದ್ದು 1937ರಲ್ಲಿ. ಮುಂದೆ ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವು ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳೊಂದಿಗೆ ಸರಕಾರಿ ಹಣದಿಂದ ನಡೆಯುವ ಸಾರ್ವಜನಿಕ ವಿಹಾರಸ್ಥಳಗಳನ್ನೂ ಹೆಸರಿಸಿ, ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾರನ್ನೂ ಅಲ್ಲಿಂದ ತಡೆಯಬಾರದೆಂದು ವಿಧಿಸಿತು. ಆ ಪಟ್ಟಿಯಲ್ಲಿ ದೇಹದ ನ್ಯೂನತೆಯ ಮಾತಿಲ್ಲ. ಅದು ಕಾನೂನಿನೊಳಗೆ ಬರಲು 1995ರ ಅಧಿನಿಯಮದವರೆಗೆ ಕಾಯಬೇಕಾಯಿತು. ಮಹಾಡದ ಪ್ರಸಂಗವನ್ನು ಇಲ್ಲಿ ನೆನೆಯುವುದು ಎರಡು ನೋವುಗಳನ್ನು ಸಮಾನವೆಂದು ತೂಗಲಿಕ್ಕಲ್ಲ. ಕಾಗದದ ಮೇಲೆ ತೆರೆದದ್ದು ನಿಜವಾಗಿ ತೆರೆದಿದೆಯೇ ಎಂದು ನಡೆದುಹೋಗಿ ನೋಡಬೇಕೆಂಬ ಪಾಠ ಅಲ್ಲಿಯದು.

ಕಾನೂನಿನ ಮಾತು ಬೇಗ ಮುಗಿಸಬಹುದು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 2007ರ ಅಕ್ಟೋಬರದಲ್ಲಿ ಸಮ್ಮತಿಯಿತ್ತಿತು. ಅದರ 30ನೆಯ ವಿಧಿ ಮನರಂಜನೆ, ವಿರಾಮ, ಕ್ರೀಡೆಗಳನ್ನು ಹಕ್ಕಿನ ಮಾತಾಗಿ ಎಣಿಸುತ್ತದೆ. ಅದನ್ನನುಸರಿಸಿ ಬಂದ 2016ರ ಅಧಿನಿಯಮವು ಸಾರ್ವಜನಿಕ ಕಟ್ಟಡವೆಂದರೆ ಯಾವುದೆಂದು ಹೇಳುವಾಗ ವಿರಾಮ ಹಾಗೂ ಮನರಂಜನೆಯ ಸ್ಥಳಗಳ ಜೊತೆಗೆ ಧಾರ್ಮಿಕ ಸ್ಥಳಗಳನ್ನೂ ಸೇರಿಸಿದೆ. ವಿಶ್ವಸ್ತ ಮಂಡಳಿಗಳು ಈ ಪದವನ್ನು ಗಮನಿಸಿದ್ದು ಕಡಿಮೆ. ದೃಷ್ಟಿಹೀನ ಅರ್ಜಿದಾರರೊಬ್ಬರು 2005ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. (ಆ ಮಾತಿನಲ್ಲಿಯೂ ಮೆಟ್ಟಿಲೇ ಇದೆ.) ಅವರ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಹೊರಬಂದ ತೀರ್ಪು, ಪ್ರವೇಶಸೌಕರ್ಯದ ನಿಯಮಗಳು ಬರೀ ಸಲಹೆಗಳಾಗಿ ಉಳಿಯತಕ್ಕವಲ್ಲ, ಕಡ್ಡಾಯವಾಗಬೇಕು ಎಂದು ಸರಕಾರಕ್ಕೆ ತಿಳಿಸಿತು. ಅರ್ಜಿಗೂ ಈ ತೀರ್ಪಿಗೂ ನಡುವೆ ಹತ್ತೊಂಬತ್ತು ವರ್ಷಗಳು.

ಎಷ್ಟು ಜನರ ಮಾತಿದು? 2011ರ ಜನಗಣತಿಯಲ್ಲಿ 2.68 ಕೋಟಿ ಜನ ವಿಕಲಚೇತನರೆಂದು ದಾಖಲಾಗಿದ್ದಾರೆ. ಜನಸಂಖ್ಯೆಯ ಶೇಕಡಾ 2.21. ಅಷ್ಟೇ ಆದರೆ ಅಲ್ಪಸಂಖ್ಯೆಯ ಮಾತೆಂದು ಪಕ್ಕಕ್ಕಿಡುವವರುಂಟು. ಅದೇ ಗಣತಿಯಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಮೇಲೆ. ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ತುಂಬಿದ ಬಸುರಿಯರು, ಕೂಸಿನ ಗಾಡಿ ತಳ್ಳುವ ತಾಯಂದಿರು, ಪಾರ್ಶ್ವವಾಯುವಿನಿಂದ ಎದ್ದು ಹೊಸದಾಗಿ ನಡಿಗೆ ಕಲಿಯುತ್ತಿರುವವರು ಯಾವ ಗಣತಿಯಲ್ಲಿಯೂ ಬರುವುದಿಲ್ಲ. ಗಟ್ಟಿಯಾದ ಕಾಲು ಯಾವ ಮನೆತನದ ಶಾಶ್ವತ ಆಸ್ತಿಯೂ ಅಲ್ಲ. ಅನಿತ್ಯ ಭಾವನೆಯನ್ನು ದಿನವೂ ಚಿಂತಿಸುವ ಶ್ರಾವಕರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ವ್ಯಾಪಾರಸ್ಥರು ಮೊದಲು ಕೇಳುವ ಪ್ರಶ್ನೆ: ಖರ್ಚೆಷ್ಟು? ಲೆಕ್ಕ ಸರಳವಾದದ್ದು. ಗಾಲಿಕುರ್ಚಿ ಹತ್ತುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಎಲ್ಲೆಡೆ ಒಪ್ಪಿದ ಪ್ರಮಾಣ. ಆರು ಇಂಚಿನ ಮೂರು ಮೆಟ್ಟಿಲೆಂದರೆ ಹದಿನೆಂಟು ಇಂಚು. ಅದಕ್ಕೆ ಹದಿನೆಂಟು ಅಡಿಯ ಇಳಿಜಾರು, ಎರಡೂ ಬದಿಗೆ ಹಿಡಿಕೆ, ಮೇಲೆ ಕುರ್ಚಿ ತಿರುಗಲು ಐದು ಅಡಿ ಚೌಕದ ಸಮತಟ್ಟು. ಕಟ್ಟುವಾಗಲೇ ಇದನ್ನು ಯೋಚಿಸಿದರೆ ಒಂದು ಕಾರಂಜಿಯ ಖರ್ಚಿನಲ್ಲಿ ಇಂತಹ ಹಲವು ಇಳಿಜಾರುಗಳಾಗುತ್ತವೆ. ಕಟ್ಟಿದ ಮೇಲೆ ಒಡೆದು ಮಾಡುವಾಗಲೇ ಖರ್ಚು ಏರುವುದು, ಮತ್ತು ಜಾಗವಿಲ್ಲದೆ ಹದಿನೆಂಟು ಅಡಿಯದು ಆರು ಅಡಿಯಾಗುವುದು. ಅಂತಹ ಕಡಿದಾದ ಇಳಿಜಾರುಗಳು ಎಷ್ಟೋ ಕಚೇರಿಗಳ ಮುಂದೆ ಇವೆ. ಅವುಗಳ ಮೇಲಿಂದ ಗಾಲಿಕುರ್ಚಿ ತನ್ನಿಂತಾನೇ ಹಿಂದಕ್ಕೆ ಜಾರುತ್ತದೆ. ಸರಕಿನ ಪೆಟ್ಟಿಗೆ ಎಳೆಯುವ ಹಮಾಲರಿಗೆ ಮಾತ್ರ ಉಪಯೋಗ.

ಬಾಗಿಲು ದಾಟಿದ ಮೇಲೂ ಉದ್ಯಾನ ಮುಗಿಯಲಿಲ್ಲ. ಕಾಲುದಾರಿಯಲ್ಲಿ ಸಡಿಲವಾದ ಗರಸು ಹಾಕಿದ್ದರೆ ಸಣ್ಣ ಗಾಲಿ ಹೂತುಹೋಗುತ್ತದೆ. ಗಟಾರದ ಮೇಲಿನ ಜಾಲರಿಯ ಸೀಳುಗಳು ನಡೆಯುವ ದಿಕ್ಕಿಗೇ ಇದ್ದರೆ ಊರುಗೋಲಿನ ತುದಿಯೂ ಗಾಲಿಯೂ ಸಿಕ್ಕಿಕೊಳ್ಳುತ್ತವೆ. ಅದೇ ಜಾಲರಿಯನ್ನು ಅಡ್ಡ ತಿರುಗಿಸಿ ಹಾಕಿದರೆ ತೊಂದರೆಯಿಲ್ಲ, ಖರ್ಚೂ ಇಲ್ಲ. ಬಿಳಿಕೋಲು ಹಿಡಿದ ಅಂಧರಿಗೆ ನೆಲದ ಮೇಲಿನ ಕಲ್ಲು ತಿಳಿಯುತ್ತದೆ, ಮುಖದ ಎತ್ತರಕ್ಕೆ ಬಾಗಿದ ಕೊಂಬೆ ತಿಳಿಯುವುದಿಲ್ಲ. ಅವರ ದಾರಿಗಾಗಿಯೇ ಹಾಸಿದ ಹಳದಿ ಉಬ್ಬುಹಂಚಿನ ಪಟ್ಟಿ ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟುವುದನ್ನೂ ನಗರಗಳಲ್ಲಿ ಕಾಣಬಹುದು. ಹಂಚು ಹಾಸಿದವನಿಗೆ ಅದು ಏತಕ್ಕೆಂದು ಯಾರೂ ಹೇಳಿರಲಿಲ್ಲ. ಬೆನ್ನೂ ತೋಳೂ ಇಲ್ಲದ ಕಲ್ಲುಬೆಂಚಿನ ಮೇಲೆ ಕುಳಿತ ಮುದುಕರು ಏಳುವಾಗ ಹಿಡಿಯಲು ಏನೂ ಇಲ್ಲದೆ ಗಾಳಿಯನ್ನು ಹಿಡಿಯುತ್ತಾರೆ. ನೂರು ಹೆಜ್ಜೆಗೊಂದು ಕೂರುವ ಜಾಗವಿದ್ದರೆ ಉದ್ಯಾನವನ್ನು ಸುತ್ತಬಲ್ಲ ಅಜ್ಜಿ, ಮುನ್ನೂರು ಹೆಜ್ಜೆಗೊಂದು ಇದ್ದರೆ ಬಾಗಿಲ ಬಳಿಯೇ ಕೂರುತ್ತಾಳೆ. ಶೌಚಾಲಯವಿಲ್ಲದ ಉದ್ಯಾನಕ್ಕೆ ಹೆಂಗಸರು ಬಂದರೂ ಬೇಗ ಹೊರಡುತ್ತಾರೆ. ಹಗಲು ಬೀಗ ಹಾಕಿ ಬೆಳಿಗ್ಗೆ ಸಂಜೆ ಮಾತ್ರ ತೆರೆಯುವ ಉದ್ಯಾನದಲ್ಲಿ, ಮಧ್ಯಾಹ್ನ ಬುತ್ತಿ ಬಿಚ್ಚುವ ಹಮಾಲನಿಗೂ ಬೀಡಿಯ ಗಂಟು ಹೊತ್ತು ಬಂದ ಹೆಂಗಸಿಗೂ ನೆರಳಿಲ್ಲ. ಪ್ರವೇಶಧನವಂತೂ ಬೇರೆಯದೇ ಮೆಟ್ಟಿಲು.

ಇಲ್ಲೊಂದು ಸಣ್ಣ ಮಾತು. ಹಸಿರು ಹುಲ್ಲಿನ ಮೇಲೆ ನಡೆಯಬಾರದು, ಅದರಲ್ಲಿಯೂ ಜೀವವಿದೆ ಎಂದು ಮುನಿಗಳು ಸಾರುತ್ತಲೇ ಬಂದಿದ್ದಾರೆ. ಗಟ್ಟಿಯಾದ, ಅಗಲವಾದ, ಸಮತಟ್ಟಾದ ಕಾಲುದಾರಿಯಿದ್ದರೆ ಗಾಲಿಕುರ್ಚಿಯೂ ಹೋಗುತ್ತದೆ, ಹುಲ್ಲೂ ಉಳಿಯುತ್ತದೆ. ಒಂದೇ ಕೆಲಸದಿಂದ ಎರಡು ಜೀವಗಳಿಗೆ ಉಪಕಾರವಾಗುವುದು ಅಪರೂಪ.

ಗೇಟಿನ ಪ್ರಶ್ನೆ ಮಾತ್ರ ನಿಜಕ್ಕೂ ಕಠಿಣವಾದದ್ದು, ಅದನ್ನು ಹಗುರವಾಗಿ ಕಾಣುವುದು ಪ್ರಾಮಾಣಿಕತೆಯಲ್ಲ. ಗಾಲಿಕುರ್ಚಿ ಸಲೀಸಾಗಿ ಹೋಗಲು ಸುಮಾರು ಮೂರು ಅಡಿ ತೆರವು ಬೇಕು. ಮೂರು ಅಡಿ ತೆರವಿನಲ್ಲಿ ಮೋಟಾರು ಸೈಕಲೂ ಹೋಗುತ್ತದೆ, ಎಮ್ಮೆಯೂ ಹೋಗುತ್ತದೆ. ಕಬ್ಬಿಣಕ್ಕೆ ಇವುಗಳ ನಡುವಿನ ಭೇದ ತಿಳಿಯುವುದಿಲ್ಲ. ಇಂಗ್ಲೆಂಡಿನ ಹೊಲಗದ್ದೆಗಳ ನಡುವೆ ಸಾರ್ವಜನಿಕರ ಕಾಲುದಾರಿಗಳು ಹಾಯುತ್ತವೆ; ಅಲ್ಲಿಯೂ ದನದ ಪ್ರಶ್ನೆಯೇ. ಅಲ್ಲಿನ ಮಾನದಂಡವು ಒಂದು ಕ್ರಮವನ್ನು ಇಟ್ಟುಕೊಂಡಿದೆ: ಮೊದಲು ಬರಿಯ ತೆರವು ಸಾಧ್ಯವೇ ನೋಡಬೇಕು, ಆಗದಿದ್ದರೆ ಸುಲಭವಾಗಿ ತೆರೆಯುವ ಗೇಟು, ಅದೂ ಆಗದಿದ್ದರೆ ನುಸುಳುವ ಗೇಟು, ಹತ್ತಿ ದಾಟಬೇಕಾದ ಅಡ್ಡೆಯು ಎಲ್ಲಕ್ಕಿಂತ ಕೊನೆಗೆ. ಅಂದರೆ, ತಡೆ ಬೇಕೆನ್ನುವವನು ಅದೇಕೆ ಬೇಕೆಂದು ಪ್ರತಿ ಹಂತದಲ್ಲಿಯೂ ಉತ್ತರ ಹೇಳಬೇಕು. ಈ ದೇಶದ ಊರುಗಳಲ್ಲಿ ಕ್ರಮ ತಲೆಕೆಳಗಾಗಿದೆ. ಮೊದಲು ಅತಿ ಗಟ್ಟಿಯಾದ ತಡೆಯನ್ನು ನಿಲ್ಲಿಸಿ, ಒಳಗೆ ಬರಬೇಕೆನ್ನುವವನೇ ಕಾರಣ ಹೇಳಿ ಕೀಲಿಯ ಮನುಷ್ಯನನ್ನು ಹುಡುಕಿಕೊಂಡು ಹೋಗಬೇಕು. ಕೀಲಿಯ ಮನುಷ್ಯ ಚಹಾಕ್ಕೆ ಹೋಗಿರುತ್ತಾನೆ. ಬಾಗಿಲಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿ, ಬಾಗಿಲನ್ನು ತೆರೆದಿಡುವುದೇ ಇದಕ್ಕೆ ಸರಿಯಾದ ಉಪಾಯವೆಂದು ತೋರುತ್ತದೆ. ದನವನ್ನೂ ಗಾಲಿಕುರ್ಚಿಯನ್ನೂ ಬೇರ್ಪಡಿಸಿ ನೋಡಬಲ್ಲವನು ಮನುಷ್ಯನೊಬ್ಬನೇ. ಅವನ ಪಗಾರ ಪ್ರತಿ ತಿಂಗಳ ಖರ್ಚು, ನಿಜ. ಆದರೆ ಕಬ್ಬಿಣಕ್ಕೆ ಪಗಾರವಿಲ್ಲವೆಂಬ ಕಾರಣಕ್ಕೆ ಅದಕ್ಕೆ ಅಧಿಕಾರ ಕೊಟ್ಟಿರುವುದು ಅಗ್ಗದ ವ್ಯವಹಾರವೇ ಹೊರತು ಒಳ್ಳೆಯ ವ್ಯವಹಾರವಲ್ಲ.

ಚೆನ್ನೈ ನಗರದ ಮರೀನಾ ಕಡಲತೀರದ ಸಂಗತಿ ಈ ವಿಷಯದಲ್ಲಿ ತಿಳಿಯತಕ್ಕದ್ದು. ಸಮುದ್ರಕ್ಕೆ ಗೇಟಿಲ್ಲ, ಆದರೆ ಮರಳಿದೆ; ಮರಳಿನಲ್ಲಿ ಗಾಲಿ ಉರುಳದು. ಮರೀನಾದ ಮರಳು ಎಷ್ಟು ಅಗಲವೆಂದರೆ, ಅದೇ ಊರಿನಲ್ಲಿ ಹುಟ್ಟಿ ಬೆಳೆದು ಸಮುದ್ರದ ನೀರು ಕಾಲಿಗೆ ತಾಗದವರಿದ್ದರು. ಡಿಸೆಂಬರ್ 3ರ ವಿಶ್ವ ವಿಕಲಚೇತನರ ದಿನದ ಆಸುಪಾಸಿನಲ್ಲಿ ಕೆಲವು ದಿನಗಳ ಮಟ್ಟಿಗೆ ತಾತ್ಕಾಲಿಕ ಹಾದಿಯನ್ನು ಹಾಸಿ ತೆಗೆಯುತ್ತಿದ್ದರು. ವರ್ಷದ ಉಳಿದ ದಿನಗಳಲ್ಲಿ ಸಮುದ್ರ ದೂರದ ನೋಟ ಮಾತ್ರ. ಬೇಡಿಕೆ ನಿಲ್ಲದಿರಲು, 2022ರ ನವೆಂಬರದಲ್ಲಿ ನೀರಿನ ಸಮೀಪದವರೆಗೆ 263 ಮೀಟರ್ ಉದ್ದದ ಕಾಯಂ ಮರದ ಹಾದಿಯನ್ನು ಅಲ್ಲಿನ ಮಹಾನಗರ ಪಾಲಿಕೆ ತೆರೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಮಾಂಡೌಸ್ ಚಂಡಮಾರುತದ ಅಲೆಗಳು ಅದರ ತುದಿಯನ್ನು ಕಿತ್ತುಹಾಕಿದವು. ಕೆಲವರು ದುಡ್ಡು ನೀರುಪಾಲಾಯಿತೆಂದು ನಕ್ಕರು. ಪಾಲಿಕೆ ದುರಸ್ತಿ ಮಾಡಿ ಮತ್ತೆ ತೆರೆಯಿತು. ರಸ್ತೆ ಕೊಚ್ಚಿಹೋದರೆ ಮತ್ತೆ ಕಟ್ಟುವುದಿಲ್ಲವೇ? ಹಾಗೆಯೇ ಇದು.

ಮಕ್ಕಳ ಮಾತು ಬೇರೆಯಾಗಿ ಹೇಳಬೇಕು. ಬೆಂಗಳೂರಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಗಳು ಕೂಡಿ ಕಟ್ಟಿಕೊಂಡ ‘ಕಿಲಿಕಿಲಿ’ ಎಂಬ ಸಂಸ್ಥೆಯು ಪಾಲಿಕೆಯ ಜೊತೆಗೂಡಿ ಕೋಲ್ಸ್ ಪಾರ್ಕ್ ಮೊದಲಾದ ಉದ್ಯಾನಗಳಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಆಡುವ ಜಾಗಗಳನ್ನು ಮಾಡಿಸಿತು. ಬೆನ್ನಿಗೆ ಆಸರೆಯಿರುವ ಜೋಕಾಲಿ, ಗಾಲಿಕುರ್ಚಿಯಲ್ಲಿ ಕುಳಿತೇ ಕೈಯಿಟ್ಟು ಆಡಬಹುದಾದ ಎತ್ತರದ ಮರಳಿನ ತೊಟ್ಟಿ, ಇಂತಹವುಗಳೇ ಇಂತಹ ಜಾಗಗಳ ಸಾಧನಗಳು. ಆದರೆ ಜೋಕಾಲಿಗಿಂತ ಕಠಿಣವಾದ ಅಡ್ಡಿಯೊಂದು ಇದೆ, ಅದು ನೋಟ. ಆಟಿಸಂ ಇರುವ ಮಗು ಜಾರುಬಂಡೆಯ ಬಳಿ ಕೂಗಿಕೊಂಡಾಗ ಪಕ್ಕದ ತಾಯಿ ತನ್ನ ಮಗುವಿನ ಕೈಹಿಡಿದು ದೂರ ಎಳೆದುಕೊಳ್ಳುತ್ತಾಳೆ. ಇನ್ನೊಬ್ಬರು “ಅಯ್ಯೋ ಪಾಪ” ಎನ್ನುತ್ತಾರೆ. ಎಳೆದುಕೊಂಡ ಕೈಗಿಂತ ಆ ‘ಪಾಪ’ ಹೆಚ್ಚು ನೋಯಿಸುತ್ತದೆಂದು ಅಂತಹ ಮಕ್ಕಳ ತಾಯಂದಿರು ಹೇಳುತ್ತಾರೆ. ಕರುಣೆಯ ಮಾತಾಡಿದವರಿಗೆ ತಾವು ನೋಯಿಸಿದೆವೆಂಬುದು ಮನೆಗೆ ಹೋದ ಮೇಲೂ ತಿಳಿದಿರುವುದಿಲ್ಲ. ಮಕ್ಕಳಿಗೆ ಮಾತ್ರ ಈ ತೊಡಕಿಲ್ಲ; ಎರಡು ಸಂಜೆ ಒಟ್ಟಿಗೆ ಬಿಟ್ಟರೆ ಯಾರು ಕೂಗುತ್ತಾರೆ, ಯಾರು ಕೂಗುವುದಿಲ್ಲ ಎಂಬುದನ್ನು ಮರೆತುಬಿಡುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ ಹಿರಿಯರೊಬ್ಬರು ಎತ್ತಬಹುದಾದ ಆಕ್ಷೇಪವೊಂದಿದೆ, ಅದು ತೂಕವುಳ್ಳದ್ದು. ಕಷ್ಟಪಟ್ಟು ಏರುವುದರಲ್ಲಿಯೇ ಪುಣ್ಯವಲ್ಲವೇ? ಶ್ರವಣಬೆಳಗೊಳದ ವಿಂಧ್ಯಗಿರಿಯ ಬಂಡೆಯಲ್ಲಿ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಿ ಗೊಮ್ಮಟೇಶ್ವರನ ಪಾದವನ್ನು ಕಾಣುವಾಗಿನ ಧನ್ಯತೆ, ಕೆಳಗೆ ನಿಂತು ಕೈಮುಗಿದರೆ ಬರುವುದೇ? ಗಿರನಾರಿನಲ್ಲಿ 2020ರ ಅಕ್ಟೋಬರ್ 24ರಂದು ರೋಪ್‌ವೇ ಆರಂಭವಾದಾಗಲೂ ಈ ಚರ್ಚೆ ನಡೆಯದೆ ಇರಲಿಲ್ಲ. ಇದಕ್ಕೆ ಉತ್ತರ ವ್ರತವೆಂಬ ಶಬ್ದದಲ್ಲಿಯೇ ಇದೆ. ತಾನಾಗಿ ಸ್ವೀಕರಿಸಿದ ಕಷ್ಟ ವ್ರತ. ಉಪವಾಸ ಮಾಡಿದವನಿಗೂ ಊಟ ಸಿಗದವನಿಗೂ ಹೊಟ್ಟೆ ಹಸಿಯುವುದು ಒಂದೇ ರೀತಿ, ಆದರೆ ಎರಡನೆಯವನನ್ನು ತಪಸ್ವಿಯೆಂದು ಯಾರೂ ಕರೆಯುವುದಿಲ್ಲ. ಏರಬಲ್ಲವನು ಏರದೆ ಇರಲೂ ಸಾಧ್ಯವಿದ್ದು, ಆದರೂ ಏರಿದಾಗ ಆ ಏರಿಕೆಗೆ ಬೆಲೆ. ರೋಪ್‌ವೇ ಬಂದ ಮೇಲೂ ಗಿರನಾರಿನ ಮೆಟ್ಟಿಲುಗಳು ಇದ್ದಲ್ಲಿಯೇ ಇವೆ, ಏರುವವರು ಏರುತ್ತಲೇ ಇದ್ದಾರೆ. ಡೋಲಿ ಹೊರುವವರ ಹೊಟ್ಟೆಪಾಡಿನ ಪ್ರಶ್ನೆ ಮಾತ್ರ ಉಳಿಯುತ್ತದೆ. ಒಬ್ಬರ ಹಾದಿ ಸುಗಮವಾದಾಗ ಇನ್ನೊಬ್ಬರ ಅನ್ನ ಕಡಿಮೆಯಾಗುವುದನ್ನು ಧರ್ಮಬುದ್ಧಿಯುಳ್ಳವರು ಲೆಕ್ಕಕ್ಕೆ ಹಿಡಿಯಲೇಬೇಕು. ಅದೇನಿದ್ದರೂ, ತೀರ್ಥದ ಬೆಟ್ಟವನ್ನು ಕುರಿತು ಎರಡು ಅಭಿಪ್ರಾಯಗಳಿರಬಹುದು. ನಗರದ ಉದ್ಯಾನದ ಬಾಗಿಲ ಮೂರು ಮೆಟ್ಟಿಲು ಯಾರ ವ್ರತವೂ ಅಲ್ಲ.

ಸಮವಸರಣದ ವರ್ಣನೆಯನ್ನು ಪುರಾಣಗಳಲ್ಲಿ ಕೇಳದ ಶ್ರಾವಕರಿಲ್ಲ. ಅಲ್ಲಿಯೂ ಉದ್ಯಾನಗಳಿವೆ: ಅಶೋಕವನ, ಸಪ್ತಪರ್ಣವನ, ಚಂಪಕವನ, ಆಮ್ರವನ ಎಂದು ನಾಲ್ಕು. ಏರಲು 20,000 ಸೋಪಾನಗಳು. ಆದರೂ ಬಾಲರೂ ವೃದ್ಧರೂ ಅಂತರ್ಮುಹೂರ್ತದಲ್ಲಿ ಅವನ್ನು ಏರಿ ಒಳಸೇರುವರೆಂದು ಆಗಮಗಳು ಹೇಳುತ್ತವೆ. ಹನ್ನೆರಡು ಕೋಷ್ಠಗಳಲ್ಲಿ ದೇವತೆಗಳಿಗೆ, ಮುನಿಗಳಿಗೆ, ಸ್ತ್ರೀಯರಿಗೆ, ಪುರುಷರಿಗೆ, ಕಡೆಗೆ ಪಶುಪಕ್ಷಿಗಳಿಗೂ ಜಾಗ. ಮೂಲೆಯಲ್ಲಿ ನಿಂತು ಕಂಬಿಯ ಸಂದಿನಿಂದ ನೋಡಿದವರ ಉಲ್ಲೇಖ ಯಾವ ಪುರಾಣದಲ್ಲಿಯೂ ಇಲ್ಲ. ಅಲ್ಲಿ ಮೆಟ್ಟಿಲನ್ನು ಸುಲಭಗೊಳಿಸಿದ್ದು ಭಗವಂತನ ಅತಿಶಯ. ನಗರಸಭೆಯ ಉದ್ಯಾನದಲ್ಲಿ ಅತಿಶಯವನ್ನು ನಿರೀಕ್ಷಿಸುವಂತಿಲ್ಲ, ಗೌಂಡಿಯನ್ನೇ ಕರೆಸಬೇಕು.

ದಾನದ ವಿಷಯದಲ್ಲಿ ಜೈನ ಸಮಾಜಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಯಂತಿಗಳ ಸಂದರ್ಭದಲ್ಲಿ ಕೃತಕ ಕಾಲು, ಗಾಲಿಕುರ್ಚಿ, ಶ್ರವಣಯಂತ್ರಗಳನ್ನು ಹಂಚುವ ಶಿಬಿರಗಳು ಊರೂರಿನಲ್ಲಿ ನಡೆಯುತ್ತವೆ. ಅವುಗಳಿಂದ ಎಷ್ಟೋ ಜನರ ಬದುಕು ಎದ್ದು ನಿಂತಿದೆ. ಆದರೆ ಶಿಬಿರದಲ್ಲಿ ಗಾಲಿಕುರ್ಚಿ ಪಡೆದವನು ಮರುದಿನ ಅದರಲ್ಲಿ ಕುಳಿತು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯನ್ನು ಶಿಬಿರದ ಕಾರ್ಯಕರ್ತರು ಕೇಳಿಕೊಂಡಂತೆ ಕಾಣುವುದಿಲ್ಲ. ಮನೆಯ ಓಣಿ, ಓಣಿಯ ತುದಿಯ ರಸ್ತೆ, ರಸ್ತೆಯಾಚೆಯ ಉದ್ಯಾನ, ಬಸದಿ, ಎಲ್ಲೆಲ್ಲಿಯೂ ಮೆಟ್ಟಿಲು. ಕುರ್ಚಿ ಮೂಲೆ ಸೇರಿ ಒಗೆದ ಬಟ್ಟೆ ಹರವಲು ಉಪಯೋಗವಾದ ಮನೆಗಳಿವೆ. ಕುರ್ಚಿಯ ಬೆನ್ನಿಗೆ ದಾನಿಯ ಹೆಸರು ಬರೆಸಬಹುದು. ಇಳಿಜಾರಿಗೆ ಹೆಸರು ಬರೆಸಿದರೆ ಜನ ತುಳಿದು ಅಳಿಸಿಬಿಡುತ್ತಾರೆ. ಈ ಕಾರಣದಿಂದಲೇ ಇಳಿಜಾರಿಗೆ ದಾನಿಗಳು ಕಡಿಮೆಯೆಂದು ಹೇಳಿದರೆ ಕೆಲವರಿಗೆ ಕಹಿಯಾದೀತು.

ರಥೋತ್ಸವದ ಹಿಂದಿನ ದಿನ ಬಸದಿಯ ಆವರಣಗಳಲ್ಲಿ ನಡೆಯುವ ಒಂದು ಕೆಲಸ ಎಲ್ಲರಿಗೂ ಪರಿಚಿತವಾದದ್ದು. ರಥದ ಗಾಲಿಗಳು ಮೆಟ್ಟಿಲು ಇಳಿಯಲಾರವು. ಅದಕ್ಕಾಗಿ ಉಗ್ರಾಣದಿಂದ ದಪ್ಪ ಹಲಗೆಗಳನ್ನು ಹೊರತಂದು, ಬಾಗಿಲ ಮೆಟ್ಟಿಲ ಮೇಲೆ ಓರೆಯಾಗಿ ಹಾಸಿ, ಕೆಳಗೆ ಮಣ್ಣಿನ ಚೀಲಗಳನ್ನು ಒತ್ತಿ, ಅಲುಗಾಡುವುದೇ ಎಂದು ನಾಲ್ಕು ಜನ ಹತ್ತಿ ತುಳಿದು ಪರೀಕ್ಷಿಸುತ್ತಾರೆ. ಅಂಗಳದ ಗುಂಡಿಗಳನ್ನು ಮುಚ್ಚುತ್ತಾರೆ, ತಗ್ಗಿದ ಕೊಂಬೆಗಳನ್ನು ಎತ್ತಿ ಕಟ್ಟುತ್ತಾರೆ, ರಸ್ತೆಯ ಬದಿಯ ಗಾಡಿಗಳನ್ನು ಸರಿಸುತ್ತಾರೆ. ಮರುದಿನ ರಥ ಸಲೀಸಾಗಿ ಹೊರಗೆ ಹೋಗಿ, ಊರು ಸುತ್ತಿ, ಸಲೀಸಾಗಿ ಒಳಗೆ ಬರುತ್ತದೆ. ಆ ಒಂದು ದಿನ, ಯಾರೂ ಹೇಳದೆಯೇ, ಊರುಗೋಲಿನ ಅಜ್ಜಂದಿರೂ ಗಾಲಿಕುರ್ಚಿಯ ಮಕ್ಕಳೂ ಅದೇ ಹಲಗೆಯ ಮೇಲಿಂದ ಒಳಗೆ ಬಂದು, ಎಲ್ಲರ ಸಾಲಿನಲ್ಲಿ ಕುಳಿತು ಮಂಗಳಾರತಿ ನೋಡಿ ಹೋಗುತ್ತಾರೆ. ಉತ್ಸವ ಮುಗಿದ ಮರುದಿನ ಬೆಳಿಗ್ಗೆ ಆಳುಗಳು ಬಂದು ಹಲಗೆಗಳನ್ನು ಎತ್ತಿ, ಮಣ್ಣು ಜಾಡಿಸಿ, ಗೆದ್ದಲು ಹತ್ತದಂತೆ ಎಣ್ಣೆ ಸವರಿ, ಮುಂದಿನ ವರ್ಷಕ್ಕೆಂದು ಉಗ್ರಾಣದ ಗೋಡೆಗೆ ಒರಗಿಸಿಡುತ್ತಾರೆ.